ಗಾಳಿಗೂ ಬಂತು ತಕ್ಕಡಿ!

ಮಾರತ್ತಹಳ್ಳಿ: ರಿಂಗ್ ರೋಡ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಓಡಾಡಿದವರಿಗೆ ಬೆಳ್ಳಂದೂರು ಕೆರೆಯ ವಾಸನೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. 2015ರಲ್ಲಿ ಆ ಕೆರೆಯ ನೊರೆಗೇ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಹೊಗೆ. 2018ರ ಜನವರಿಯಲ್ಲಂತೂ ಬೆಂಕಿ ಆರಿಸಲು ಮಿಲಿಟರಿಯವರೇ ಬರಬೇಕಾಯಿತು. ಕೆರೆಗೆ ಬೆಂಕಿ ಬೀಳೋದು ಅಂದ್ರೇನು ಸ್ವಾಮಿ? ಊರಿನ ಕೊಳಚೆ ಸರಿಯಾಗಿ ಶುದ್ಧಿಯಾಗದೆ ಕೆರೆ ಸೇರಿದ್ದರ ಫಲ.

ಈ ಶುದ್ಧಿಯ ಕೆಲಸ ಮಾಡುವುದು ಮನುಷ್ಯನಲ್ಲ, ಸೂಕ್ಷ್ಮಜೀವಿಗಳು. ಅವಕ್ಕೆ ಉಸಿರಾಡಲು ಲೀಟರ್ ನೀರಿನಲ್ಲಿ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಗುರ್ ಎನ್ನುವ ಬ್ಲೋಯರ್ ತೊಟ್ಟಿಗೆ ಗಾಳಿ ಊದುವುದು ಅದಕ್ಕೇ. ಕಡಿಮೆಯಾದರೆ ಜೀವಿಗಳು ಸತ್ತು ನಾತ. ಹೆಚ್ಚಾದರೆ ಕರೆಂಟ್ ದಂಡ. ಘಟಕದ ಕರೆಂಟ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಈ ಗಾಳಿಗೇ ಹೋಗುತ್ತದೆ. ಆದರೂ ಎಷ್ಟೋ ಕಡೆ ಲೆಕ್ಕ ಒಂದೇ: "ಗುಳ್ಳೆ ಬರ್ತಾ ಇದೆ, ಸಾಕು ಬಿಡಿ!"

ನೀರಿಗೆ ಬಿಂದಿಗೆ ಲೆಕ್ಕ ಉಂಟು. ಗಾಳಿಗೆ? ಲೀಟರಿನಲ್ಲಿ ಅಳೆದರೆ ಮೋಸ. ಒತ್ತಡ ಒಂದೇ ಇದ್ದರೂ, 20 ಡಿಗ್ರಿಯ ಒಂದು ಲೀಟರ್ ಗಾಳಿಗಿಂತ 80 ಡಿಗ್ರಿ ಬಿಸಿಯಾದ ಒಂದು ಲೀಟರಿನಲ್ಲಿ ಸರಕು ಆರರಲ್ಲೊಂದು ಪಾಲು ಕಡಿಮೆ. ಉಬ್ಬಿದ ಪುರಿಯನ್ನು ಸೇರಿನಲ್ಲಿ ಅಳೆದ ಹಾಗೆ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ತೂಕವೇ ಬೇಕು.

ಆ ತೂಕ ಹೇಳುವುದೇ ಥರ್ಮಲ್ ಮಾಸ್ ಫ್ಲೋಮೀಟರು. ಉಪಾಯ ನಮ್ಮ ಮನೆಯದೇ: ಬಿಸಿ ಕಾಫಿ ಊದಿದರೆ ಆರುತ್ತದೆ, ಜೋರಾಗಿ ಊದಿದರೆ ಬೇಗ ಆರುತ್ತದೆ. ಕೊಳವೆಯೊಳಗೆ ಎರಡು ಸಣ್ಣ ಕಡ್ಡಿಗಳು. ಒಂದು ಗಾಳಿಯ ಶಾಖ ನೋಡುತ್ತದೆ. ಇನ್ನೊಂದನ್ನು ಅದಕ್ಕಿಂತ ಇಂತಿಷ್ಟೇ ಡಿಗ್ರಿ ಹೆಚ್ಚು ಬಿಸಿಯಾಗಿ ಇಟ್ಟಿರಬೇಕು. ಹೆಚ್ಚು ಗಾಳಿ ಹರಿದಷ್ಟೂ ಕಡ್ಡಿ ಆರುತ್ತದೆ, ಹೆಚ್ಚು ಕರೆಂಟ್ ಬೇಡುತ್ತದೆ. ಆ ಕರೆಂಟಿನಿಂದ ಗಂಟೆಗೆ ಎಷ್ಟು ಕಿಲೋ ಎಂದು ಲೆಕ್ಕ ಹಾಕುತ್ತಾರೆ. ತಿರುಗುವ ಚಕ್ರವಿಲ್ಲ, ಸವೆಯುವ ಹಲ್ಲಿಲ್ಲ.

ಬಿಸಿ ತಂತಿ ಗಾಳಿಯಲ್ಲಿ ಆರುವ ನಿಯಮವನ್ನು ಕಿಂಗ್ ಎಂಬ ವಿಜ್ಞಾನಿ 1914ರಲ್ಲೇ ಬರೆದಿಟ್ಟ. ವಿಮಾನದ ಮಾದರಿಗಳನ್ನು ಪರೀಕ್ಷಿಸುವ ಗಾಳಿಸುರಂಗಗಳಲ್ಲೂ ಇದೇ ಬಿಸಿ ತಂತಿ. ಮುರುಗೇಶಪಾಳ್ಯದ ವಿಂಡ್ ಟನೆಲ್ ರಸ್ತೆಯ ಬೋರ್ಡನ್ನು ದಿನಾ ಕಾಣುವವರು ನೆನಪಿಟ್ಟುಕೊಳ್ಳಬಹುದು. ಎಚ್.ಎ.ಎಲ್.ನ ಮಾರುತ್ ವಿಮಾನದಿಂದಲೇ ಮಾರತ್ತಹಳ್ಳಿ ಹೆಸರು ಬಂತೆನ್ನುವವರೂ ಇದ್ದಾರೆ. ಅದು ನಿಜವೋ ಕಟ್ಟುಕತೆಯೋ, ಮಾರುತ ಎಂದರೆ ಗಾಳಿಯೇ ತಾನೆ!

ಮೀಟರಿಗೂ ಚೇಷ್ಟೆ ಉಂಟು. ಗಾಳಿಯಲ್ಲಿ ನೀರ ಹನಿ ಇದ್ದರೆ ಕಡ್ಡಿ ತಟಕ್ಕನೆ ತಣ್ಣಗಾಗಿ ಇಲ್ಲದ ಗಾಳಿಯನ್ನು ತೋರಿಸುತ್ತದೆ. ಎಣ್ಣೆ, ದೂಳು ಮೆತ್ತಿಕೊಂಡರೆ ಲೆಕ್ಕ ಇಳಿಯುತ್ತದೆ. ತಿರುವಿನ ಪಕ್ಕದಲ್ಲೇ ಕೂರಿಸಿದರೂ ಎಡವಟ್ಟು, ಮುಂದೆ ನೇರ ಕೊಳವೆ ಬೇಕು. ಆದರೆ ಒಂದು ವಿಷಯದಲ್ಲಿ ಅದಕ್ಕೆ ದಾಕ್ಷಿಣ್ಯವಿಲ್ಲ: ದಾಖಲೆ ಇಡುವ ಯಂತ್ರಕ್ಕೆ ಜೋಡಿಸಿದರೆ ಕರೆಂಟ್ ಉಳಿಸಲೆಂದು ರಾತ್ರಿ ಬ್ಲೋಯರ್ ನಿಲ್ಲಿಸಿದ ಗಂಟೆಯೂ ಅಲ್ಲಿ ಬೀಳುತ್ತದೆ. ಕೆಲವರಿಗೆ ಮೀಟರು ಬೇಡವಾಗಲು ಬೆಲೆಯೊಂದೇ ಕಾರಣವಿರಲಾರದು.

ವೈಟ್‌ಫೀಲ್ಡ್, ಪೀಣ್ಯದ ಕಂಪ್ರೆಸರ್ ಮಾಲೀಕರಿಗೂ ಇದರಿಂದ ಲಾಭ. 7 ಬಾರ್ ಒತ್ತಡದ ಕೊಳವೆಯಲ್ಲಿ 3 ಮಿಲಿಮೀಟರ್ ತೂತಿದ್ದರೆ ನಿಮಿಷಕ್ಕೆ ಸುಮಾರು 700 ಲೀಟರ್ ಗಾಳಿ ಪೋಲು, ಗಂಟೆಗೆ ನಾಲ್ಕು ಯೂನಿಟ್ ಕರೆಂಟ್. ಭಾನುವಾರ ಯಂತ್ರಗಳೆಲ್ಲ ನಿಂತಾಗ ಕಂಪ್ರೆಸರ್ ಒಂದನ್ನೇ ಓಡಿಸಿ ಮೀಟರ್ ನೋಡಬೇಕು. ಸೊನ್ನೆ ಬಿಟ್ಟು ಬೇರೇನೇ ತೋರಿಸಿದರೂ ಅದು ಸೋರಿಕೆ.