ಹುಳದ ಹೆಸರು ಮೊದಲು, ಔಷಧ ಆಮೇಲೆ

ಲಿಂಬೆ ಸಸಿಯ ಚಿಗುರು ಬೋಳಾದರೆ, ಮಲ್ಲಿಗೆಯ ಮೊಗ್ಗು ತೂತಾದರೆ, ಗುಳ್ಳದ ಕುಡಿ ಬಾಡಿದರೆ ನಾವು ಕೇಳುವ ಮೊದಲ ಪ್ರಶ್ನೆ ‘ಯಾವ ಔಷಧ ಹೊಡೆಯಬೇಕು?’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಇದು ಯಾವ ಹುಳ?’ ಹೆಸರು ತಿಳಿಯದೆ ಔಷಧ ಹೊಡೆದರೆ ಹಣ ಪೋಲಾಗುತ್ತದೆ. ಬೆಳೆಗೆ ಉಪಕಾರ ಮಾಡುವ ಕೀಟಗಳೂ ಸಾಯುತ್ತವೆ. ಚಿಟ್ಟೆಗಳ ವರ್ಗೀಕರಣವೆಂದರೆ ಕಾಲೇಜಿನ ಪಂಡಿತರ ವಿನೋದವೆಂದು ತಿಳಿಯಬೇಡಿ. ಉಡುಪಿ, ಕಾಪು, ಕಾರ್ಕಳದ ಕೃಷಿಕರಿಗೆ ಅದರಿಂದ ನೇರ ಪ್ರಯೋಜನವಿದೆ.

ಚಿಟ್ಟೆಯೋ, ಪತಂಗವೋ?

ಚಿಟ್ಟೆ ಮತ್ತು ಪತಂಗ ಒಂದೇ ಗಣಕ್ಕೆ ಸೇರಿದವು. ರೆಕ್ಕೆ ಮುಟ್ಟಿದರೆ ಬೆರಳಿಗೆ ಅಂಟುವ ಹುಡಿ ವಾಸ್ತವವಾಗಿ ಸಣ್ಣ ಸಣ್ಣ ಹುರುಪೆಗಳು. ಆದ್ದರಿಂದಲೇ ಈ ಗಣಕ್ಕೆ ‘ಲೆಪಿಡಾಪ್ಟೆರ’, ಅಂದರೆ ಹುರುಪೆ ರೆಕ್ಕೆಯವು ಎಂದು ಹೆಸರು. ಮೊಟ್ಟೆ, ಹುಳ, ಕೋಶ, ರೆಕ್ಕೆಯ ಕೀಟ ಎಂಬ ನಾಲ್ಕು ಅವಸ್ಥೆಗಳು ಎರಡಕ್ಕೂ ಇವೆ. ನಮ್ಮ ಬೆಳೆಯನ್ನು ತಿನ್ನುವುದು ಹೆಚ್ಚಾಗಿ ಹುಳದ ಅವಸ್ಥೆಯಲ್ಲಿ.

ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪವಾಗಿರುತ್ತದೆ. ಪತಂಗದ ಮೀಸೆ ನೂಲಿನಂತೆ ಅಥವಾ ಗರಿಯಂತೆ ಇರುತ್ತದೆ. ಚಿಟ್ಟೆಗಳು ಸಾಮಾನ್ಯವಾಗಿ ಹಗಲು ಹಾರುತ್ತವೆ. ಕುಳಿತಾಗ ಹೆಚ್ಚಿನವು ರೆಕ್ಕೆಗಳನ್ನು ಬೆನ್ನ ಮೇಲೆ ಕೈಮುಗಿದಂತೆ ಜೋಡಿಸುತ್ತವೆ. ಪತಂಗಗಳಲ್ಲಿ ಹೆಚ್ಚಿನವು ರಾತ್ರಿ ಸಂಚಾರಿಗಳು. ಕೆಲವು ಅಪವಾದಗಳಿದ್ದರೂ ಮೀಸೆಯ ಗುರುತು ಬಹುಮಟ್ಟಿಗೆ ಮೋಸ ಮಾಡುವುದಿಲ್ಲ.

ಬೆಳೆಗೆ ದೊಡ್ಡ ನಷ್ಟ ಮಾಡುವವರು ಯಾರು?

ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯನ್ನೇ ನೋಡಿರಿ. ಮೊಗ್ಗನ್ನು ಕೊರೆದು ಅಟ್ಟೆಯ ಲೆಕ್ಕ ತಪ್ಪಿಸುವ ಹುಳ ಚಿಟ್ಟೆಯದಲ್ಲ, ಒಂದು ಚಿಕ್ಕ ಬಿಳಿ ಪತಂಗದ್ದು. ಕಟಪಾಡಿ ಸಮೀಪದ ಮಟ್ಟುವಿನಲ್ಲಿ ಗುಳ್ಳದ ಕುಡಿ ಮತ್ತು ಕಾಯಿ ಕೊರೆಯುವ ಹುಳವೂ ಪತಂಗದ ಮರಿಯೇ. ಕಾರ್ಕಳದ ಭತ್ತದ ಗದ್ದೆಯಲ್ಲಿ ಸುಳಿ ಒಣಗಿಸಿ ಬಿಳಿ ತೆನೆ ತರಿಸುವ ಕಾಂಡಕೊರಕ, ಕರಾವಳಿಯ ತೆಂಗಿನ ಗರಿಯನ್ನು ಕೆರೆದು ತಿನ್ನುವ ಕಪ್ಪುತಲೆ ಹುಳ, ಇವೂ ಪತಂಗದ ಸಂತಾನವೇ.

ಹಾಗೆಂದು ಚಿಟ್ಟೆಗಳೆಲ್ಲ ನಿರಪರಾಧಿಗಳೆಂದಲ್ಲ. ಲಿಂಬೆ ಸಸಿಯ ಎಲೆ ತಿನ್ನುವುದು ಲಿಂಬೆ ಚಿಟ್ಟೆಯ ಹುಳ. ಎಳೆಯದಿರುವಾಗ ಅದು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡನ್ನು ಹೊರಚಾಚಿ ದುರ್ವಾಸನೆ ಬಿಡುತ್ತದೆ. ನಾಲ್ಕಾರು ಸಸಿಗಳಿದ್ದರೆ ಕೈಯಿಂದ ಹೆಕ್ಕಿ ತೆಗೆದರೆ ಸಾಕು. ಭತ್ತದ ಎಲೆಯ ಮೇಲೆ ಎರಡು ಕೋಡಿನ ಹಸಿರು ಹುಳ ಕಂಡರೆ ಅದು ಮುಸ್ಸಂಜೆ ಹಾರುವ ಒಂದು ಕಂದು ಚಿಟ್ಟೆಯದು. ಅದರಿಂದ ಆಗುವ ನಷ್ಟ ಸಾಮಾನ್ಯವಾಗಿ ಅಲ್ಪ. ಅದಕ್ಕೆ ಹೆದರಿ ಗದ್ದೆಗೆಲ್ಲ ವಿಷ ಸಿಂಪಡಿಸಿದರೆ ಕಾಂಡಕೊರಕದ ಮೊಟ್ಟೆಯನ್ನು ನಾಶ ಮಾಡುವ ಟ್ರೈಕೋಗ್ರಾಮದಂಥ ಪುಟ್ಟ ಕಣಜಗಳು ಸಾಯುತ್ತವೆ. ಶತ್ರುವನ್ನು ಉಳಿಸಿ ಮಿತ್ರನನ್ನು ಕೊಂದಂತಾಯಿತು.

ಗುಳ್ಳದ ತೋಟದಲ್ಲಿ ಕಟ್ಟುವ ಲಿಂಗಾಕರ್ಷಕ ಬಲೆಯೂ ಈ ಮಾತಿಗೆ ಸಾಕ್ಷಿ. ಒಂದು ಜಾತಿಯ ಹೆಣ್ಣು ಪತಂಗದ ವಾಸನೆಗೆ ಅದೇ ಜಾತಿಯ ಗಂಡು ಬರುತ್ತದೆ. ಹುಳದ ಹೆಸರು ತಪ್ಪಿದರೆ ಬಲೆ ಬರಿದೇ ತೂಗುತ್ತದೆ.

ಹೆಸರು ಹುಡುಕಿದ ಬಗೆ

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಚಿಟ್ಟೆಗಳನ್ನೆಲ್ಲ ‘ಪ್ಯಾಪಿಲಿಯೊ’ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಇಂದು ಅವುಗಳನ್ನು ಆರು ಕುಟುಂಬಗಳಾಗಿ ವಿಂಗಡಿಸಲಾಗಿದೆ. ಪಶ್ಚಿಮ ಘಟ್ಟಗಳಲ್ಲೇ ಮುನ್ನೂರಕ್ಕೂ ಹೆಚ್ಚು ಜಾತಿಗಳಿವೆ.

ಬಣ್ಣವೊಂದನ್ನೇ ನೋಡಿ ಹೆಸರಿಟ್ಟರೆ ಮೋಸಹೋಗುವುದು ಖಂಡಿತ. ನಿಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಮೊಟ್ಟೆಯಿಡುವ ‘ಕಾಮನ್ ಮಾರ್ಮನ್’ ಎಂಬ ಕಪ್ಪು ಚಿಟ್ಟೆಯ ಹೆಣ್ಣಿಗೆ ಮೂರು ರೂಪಗಳಿವೆ. ಒಂದು ಗಂಡಿನಂತೆಯೇ ಇದೆ. ಉಳಿದೆರಡು ಈಶ್ವರಬಳ್ಳಿ ತಿಂದು ಬೆಳೆಯುವ ಎರಡು ವಿಷದ ಚಿಟ್ಟೆಗಳ ವೇಷ ಹಾಕಿವೆ. ವಿಷದ ಚಿಟ್ಟೆಯೆಂದು ಭ್ರಮಿಸಿ ಹಕ್ಕಿಗಳು ಇವನ್ನು ಬಿಟ್ಟುಬಿಡುತ್ತವೆ. ಗುರುತು ಹಿಡಿಯುವುದು ಹೇಗೆ? ಅಸಲಿ ವಿಷದ ಚಿಟ್ಟೆಯ ಮೈ ಕೆಂಪು, ವೇಷಧಾರಿಯ ಮೈ ಕಪ್ಪು. ಈ ವೇಷದ ಹಿಂದೆ ಒಂದೇ ಒಂದು ವಂಶವಾಹಿ ಇದೆಯೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅವರ ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು.

ಇಂಥ ಗೊಂದಲ ಬಿಡಿಸಲು ನಂಬಿಕೆಯ ಉಪಾಯವೆಂದರೆ ಹುಳವನ್ನು ಸಾಕುವುದು. ನಮ್ಮದೇ ಕರಾವಳಿಯ ಉತ್ತರ ಕನ್ನಡದಲ್ಲಿ ಈ ಕೆಲಸ ನೂರು ವರ್ಷಕ್ಕೂ ಹಿಂದೆ ನಡೆದಿದೆ. ಅಲ್ಲಿ ಸರಕಾರಿ ನೌಕರಿಯಲ್ಲಿದ್ದ ಡೇವಿಡ್ಸನ್, ಬೆಲ್ ಮತ್ತು ಐಟ್ಕಿನ್ ಎಂಬ ಮೂವರು ಹುಳಗಳನ್ನು ಅವು ತಿನ್ನುವ ಎಲೆ ಕೊಟ್ಟು ಸಾಕಿ, ಯಾವ ಗಿಡದ ಹುಳ ಯಾವ ಚಿಟ್ಟೆಯಾಗುತ್ತದೆಂದು ಬರೆದಿಟ್ಟರು. ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ 1896ರಿಂದ ಅದು ಪ್ರಕಟವಾಯಿತು. ಅರಣ್ಯಾಧಿಕಾರಿಯಾಗಿದ್ದ ಬೆಲ್ ನಿವೃತ್ತಿಯ ಬಳಿಕವೂ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮುಖ್ಯ ಸಾಧನಗಳೆಂದರೆ ಎಲೆ, ಪೆಟ್ಟಿಗೆ ಮತ್ತು ತಾಳ್ಮೆ.

ಗಿಡ ತಿಳಿದರೆ ಚಿಟ್ಟೆ ತಿಳಿಯಿತು

ಹೆಚ್ಚಿನ ಚಿಟ್ಟೆಗಳ ಹುಳ ಕೆಲವೇ ಗಿಡಗಳ ಎಲೆ ತಿನ್ನುತ್ತದೆ. ಎಕ್ಕದ ಗಿಡಕ್ಕೊಂದು ಚಿಟ್ಟೆ, ಕಣಗಿಲೆಗೊಂದು. ಆಟಿ ತಿಂಗಳಲ್ಲಿ ನಾವು ಪಲ್ಯಕ್ಕೆ ಕೊಯ್ಯುವ ತಜಂಕ್ ಸೊಪ್ಪಿನಲ್ಲೂ ತಿಳಿ ಬಣ್ಣದ ಚಿಟ್ಟೆಯೊಂದರ ಹುಳ ಬೆಳೆಯುತ್ತದೆ. ಮಣಿಪಾಲದ ಮುರಕಲ್ಲು ಗುಡ್ಡದಲ್ಲಿ ಮಳೆಗಾಲದ ಬಳಿಕ ಚಿಟ್ಟೆ ನೋಡಹೋಗುವವರು ಮೊದಲು ಗಿಡದ ಹೆಸರು ಕಲಿಯುವುದು ಒಳ್ಳೆಯದು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಕೆ. ಗೋಪಾಲಕೃಷ್ಣ ಭಟ್ಟರು ಜಿಲ್ಲೆಯ ಸಸ್ಯಸಂಪತ್ತಿನ ಕುರಿತು 2003ರಲ್ಲಿ ತಂದ ‘ಫ್ಲೋರಾ ಆಫ್ ಉಡುಪಿ’ ಗ್ರಂಥ ಇದಕ್ಕೆ ಆಧಾರ.

ಕರ್ನಾಟಕದ ರಾಜ್ಯ ಚಿಟ್ಟೆ ‘ಸದರ್ನ್ ಬರ್ಡ್‌ವಿಂಗ್’ ನಮ್ಮ ತೋಟಗಳಲ್ಲೂ ಹಾರುತ್ತದೆ. ಕಪ್ಪು ಮುಂರೆಕ್ಕೆ, ಹೊಂಬಣ್ಣದ ಹಿಂರೆಕ್ಕೆ. ರೆಕ್ಕೆ ಬಿಚ್ಚಿದರೆ 190 ಮಿಲಿಮೀಟರಿನಷ್ಟು ಅಗಲ. ಇದರ ಹುಳಕ್ಕೆ ಈಶ್ವರಬಳ್ಳಿ ಮತ್ತು ಅದರ ಹತ್ತಿರದ ಬಳ್ಳಿಗಳೇ ಆಹಾರ. ಬೇಲಿ ಸವರುವಾಗ ಆ ಬಳ್ಳಿಯನ್ನು ಬೇರುಸಹಿತ ಕಿತ್ತರೆ ಹುಳಕ್ಕೆ ಆಹಾರವಿಲ್ಲ. ಬೆಳೆಗೆ ಯಾವ ತೊಂದರೆಯನ್ನೂ ಕೊಡದ ಈ ಚಿಟ್ಟೆ ಅಂಥ ಕಡೆ ಸಂತಾನ ಬೆಳೆಸಲಾರದು. ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಬೆಳುವಾಯಿಯ ಸಮ್ಮಿಲನ್ ಶೆಟ್ಟಿಯವರು ಚಿಟ್ಟೆಗಳಿಗಾಗಿಯೇ ಪಾರ್ಕ್ ಮಾಡಿದ್ದಾರೆ. ಹುಳಕ್ಕೆ ಬೇಕಾದ ಗಿಡ, ಚಿಟ್ಟೆಗೆ ಬೇಕಾದ ಹೂವು ಎರಡನ್ನೂ ಬೆಳೆಸಿದರೆ ಚಿಟ್ಟೆಗಳು ತಾವಾಗಿ ಬರುತ್ತವೆ.

ನೀವು ಮಾಡಬೇಕಾದುದು

ಬೆಳೆಯಲ್ಲಿ ಗುರುತು ಸಿಗದ ಹುಳ ಕಂಡರೆ ಎರಡು ಮೂರನ್ನು ಅದೇ ಗಿಡದ ಎಲೆಯೊಡನೆ ಬಾಯಗಲದ ಬಾಟಲಿಗೆ ಹಾಕಿರಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ದಿನವೂ ಹೊಸ ಎಲೆ ಕೊಟ್ಟು ಹಿಕ್ಕೆ ತೆಗೆಯಿರಿ. ಗಿಡದ ಹೆಸರು, ತಾರೀಕು, ಎಲೆ ತಿಂದಿತೋ ಕಾಯಿ ಕೊರೆಯಿತೋ ಎಂಬುದನ್ನು ಬರೆದಿಡಿ. ಕೋಶದಿಂದ ಹೊರಬಂದದ್ದು ಚಿಟ್ಟೆಯೋ ಪತಂಗವೋ ಎಂಬುದನ್ನು ಮೀಸೆ ನೋಡಿ ತಿಳಿಯಬಹುದು. ಕೆಲವೊಮ್ಮೆ ಎರಡೂ ಅಲ್ಲದೆ ಪುಟ್ಟ ಕಣಜ ಹೊರಬರುತ್ತದೆ. ಹಾಗಾದರೆ ನಿಮ್ಮ ತೋಟದಲ್ಲಿ ಹುಳವನ್ನು ಹದ್ದಿನಲ್ಲಿಡುವ ಮಿತ್ರನಿದ್ದಾನೆಂದು ತಿಳಿಯಿರಿ.

ಹಾನಿ ಬೇಗ ಹರಡುತ್ತಿದ್ದರೆ ಕಾಯುತ್ತ ಕೂರಬೇಡಿ. ಹುಳ ಮತ್ತು ಹಾಳಾದ ಕುಡಿಯನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರಿ. ಹೆಸರು ತಿಳಿದ ಮೇಲೆ ಔಷಧ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಿರಿ.