ಹಲಗೆಯ ಮೇಲೆ ಬೋರಲು ಮಲಗಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆ ಕೆರೆಯಲ್ಲಿ ಬಾಳೆದಿಂಡನ್ನು ಅವಚಿಕೊಂಡು ಈಜು ಕಲಿತವರಿಗೆ ಒಂದು ಸಂಗತಿ ಅನುಭವವೇದ್ಯ: ದಿಂಡಿನ ಮೇಲೆ ಬೋರಲು ಮಲಗಿದರೆ ತೇಲಬಹುದು, ಎದ್ದು ನಿಂತರೆ ಮಗುಚುವುದು ಖಂಡಿತ. ಇದಕ್ಕೆ ಕಾರಣವೇನು?

ನಿಂತು ಹುಟ್ಟುಹಾಕಲೆಂದು ಮಾಡಿದ, ಗಿಡ್ಡನೆಯ ಅಗಲವಾದ ಸರ್ಫಿಂಗ್ ಹಲಗೆಯೊಂದನ್ನು ನಾವು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಗಾತ್ರ 120 ಲೀಟರ್, ತೂಕ 10 ಕಿಲೋಗ್ರಾಂ. ಮೇಲೆ ಮಲಗಿದವನ ತೂಕ 60 ಕಿಲೋಗ್ರಾಂ ಎನ್ನೋಣ. ಆರ್ಕಿಮಿಡೀಸನ ತತ್ತ್ವದಂತೆ 70 ಲೀಟರ್ ಸಿಹಿನೀರು ಸ್ಥಾನಾಂತರಗೊಂಡರೆ ಸಾಕು. ಕಡಲಿನ ನೀರಾದರೆ ಸುಮಾರು 68 ಲೀಟರ್. ಹಲಗೆಯು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಮುಳುಗುವುದು.

ಮಲಗಿದಾಗ ಗುರುತ್ವಕೇಂದ್ರವು ನೀರಿನ ಮಟ್ಟಕ್ಕೆ ಸಮೀಪವಾಗುತ್ತದೆ. ಜೊತೆಗೆ, ಉದ್ದ ಅಷ್ಟೇ ಇದ್ದು ಅಗಲ ಇಮ್ಮಡಿಯಾದರೆ, ತುಸು ಓರೆಯಾದ ಹಲಗೆಯನ್ನು ನೆಟ್ಟಗೆ ಮಾಡಲು ನೀರು ಒದಗಿಸುವ ಭ್ರಾಮಕವು ಸುಮಾರು ಎಂಟುಮಡಿಯಾಗುತ್ತದೆ. ಉರುಟಾದ ದಿಂಡಿಗೆ ಈ ಅನುಕೂಲವಿಲ್ಲ. ಆದರೆ ಅಗಲ ಹೆಚ್ಚಿದಷ್ಟೂ ಮಲಗಿದವನ ತೋಳುಗಳು ನೀರಿಗೆ ಎಟುಕುವುದು ಕಷ್ಟ. ಎದುರಲೆಯ ಅಡಿಗೆ ಹಲಗೆಯನ್ನು ಅದುಮುವುದೂ ಕಷ್ಟವೇ.

ಅಲೆಯು ಹಲಗೆಯನ್ನು ಹೊತ್ತೊಯ್ಯಬೇಕಾದರೆ ಎರಡರ ವೇಗಗಳೂ ಹತ್ತಿರ ಬರಬೇಕು. ಒಂದು ಮೀಟರ್ ಆಳದ ನೀರಿನಲ್ಲಿ ಕಡಲಲೆಯ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಹಾನಗಲ್ಲಿನ ಆನೆಕೆರೆಯಲ್ಲಿ ಗಾಳಿ ನೀರಿನ ಮೇಲೆ ಸಾಗುವ ದೂರವೇ ಕಿರಿದು. ಅಂತಹ ಅಲೆ ಅಲ್ಲಿ ಏಳದು. ಅದಕ್ಕಾಗಿ ಮಂಗಳೂರಿನ ಬಳಿಯ ಸಸಿಹಿತ್ಲುವಿನಂತಹ ಕಡಲತೀರವೇ ಬೇಕು. 2016ರಲ್ಲಿ ಅಲ್ಲಿ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು.

ಈಜು ಬಾರದವರು ಹಲಗೆಯನ್ನಾಗಲಿ ದಿಂಡನ್ನಾಗಲಿ ನಂಬಿ ಆಳಕ್ಕೆ ಹೋಗಬಾರದು. ಅದು ಕೈತಪ್ಪಿದ ಕ್ಷಣವೇ ನಾವು ಹಾಕಿದ ಲೆಕ್ಕಗಳೆಲ್ಲ ನಿರರ್ಥಕ.