ಮೂರು ಊರಿನ ಪಾಲು

ಅಪ್ಪನ ಗೋರಿ ಇದ್ದ ಊರನ್ನೇ ಎಥೆಲ್‌ವೋಲ್ಡ್ ಮೊದಲು ಹಿಡಿದ. ಕ್ರಿ.ಶ. 899ರ ಅಕ್ಟೋಬರ್ 26ರಂದು ಚಿಕ್ಕಪ್ಪ ಆಲ್ಫ್ರೆಡ್ ದೊರೆ ತೀರಿಕೊಂಡದ್ದೇ ತಡ, ತನ್ನ ಕಡೆಯ ಒಂದಿಷ್ಟು ಜನರನ್ನು ಕಟ್ಟಿಕೊಂಡು ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಸೀಮೆಯತ್ತ ಹೊರಟ. ಅಲ್ಲಿ ವಿಂಬೋರ್ನ್ ಮತ್ತು ಕ್ರೈಸ್ಟ್‌ಚರ್ಚ್ ಎಂಬ ಎರಡು ಊರುಗಳಲ್ಲಿದ್ದ ರಾಜಬಿಡಾರಗಳನ್ನು ವಶಮಾಡಿಕೊಂಡ. ವಿಂಬೋರ್ನ್‌ನ ಚರ್ಚಿನಲ್ಲಿ ಅವನ ತಂದೆ, ಒಂದು ಕಾಲದ ದೊರೆ ಎಥೆಲ್‌ರೆಡ್, 28 ವರ್ಷಗಳಿಂದ ಮಲಗಿದ್ದ. ಪಟ್ಟ ಕೇಳಲು ಬಂದವನು ತಾನು ಯಾರ ಮಗನೆಂದು ನೆನಪಿಸಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಚರಿತ್ರೆಯ ಪುಸ್ತಕಗಳು ಎಥೆಲ್‌ವೋಲ್ಡ್‌ನನ್ನು ದಂಗೆಕೋರ ಎಂದೇ ಕರೆಯುತ್ತವೆ. ‘ದಿ ಲಾಸ್ಟ್ ಕಿಂಗ್‌ಡಮ್’ ಸರಣಿ ನೋಡಿದವರಿಗಂತೂ ಅವನು ಕುಡುಕ, ಕುತಂತ್ರಿ. ನನಗೆ ಅವನಲ್ಲಿ ಕಾಣುವುದು ಪಾಲು ತಪ್ಪಿದ ದಾಯಾದಿ. ಹಾಗೆ ಕಾಣಲು ಕಾರಣವಾದ ದಾಖಲೆಯನ್ನು ಬರೆಸಿದವನು ಬೇರೆ ಯಾರೂ ಅಲ್ಲ, ಆಲ್ಫ್ರೆಡ್ ದೊರೆಯೇ.

ಸ್ವಲ್ಪ ಹಿನ್ನೆಲೆ ಬೇಕು. ಹೆಸರುಗಳೆಲ್ಲ ಒಂದೇ ಅಚ್ಚಿನವು, ಓದುಗರು ಸಹಿಸಿಕೊಳ್ಳಬೇಕು. ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ದೊರೆ ಎಥೆಲ್‌ವುಲ್ಫ್ 858ರಲ್ಲಿ ತೀರಿಹೋದ ಮೇಲೆ ಅವನ ನಾಲ್ವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಪಟ್ಟವೇರಿದರು. ಮೂರನೆಯವನು ಎಥೆಲ್‌ರೆಡ್, ಕೊನೆಯವನು ಆಲ್ಫ್ರೆಡ್. ಹಿರಿಮಗನಿಗೇ ಪಟ್ಟ ಎಂಬ ಕಟ್ಟಳೆ ಅಲ್ಲಿ ಆಗ ಇರಲಿಲ್ಲ. ರಾಜಮನೆತನದಲ್ಲಿ ಯಾರು ಸಮರ್ಥರೋ ಅವರನ್ನು ನಾಡಿನ ಗಣ್ಯರು ಒಪ್ಪಿಕೊಳ್ಳುತ್ತಿದ್ದರು. 871ರ ಜನವರಿಯಲ್ಲಿ ಎಥೆಲ್‌ರೆಡ್ ಮತ್ತು ಆಲ್ಫ್ರೆಡ್ ಜೊತೆಯಾಗಿ ಆಶ್‌ಡೌನ್‌ನಲ್ಲಿ, ದಂಡೆತ್ತಿ ಬಂದಿದ್ದ ವೈಕಿಂಗರಾದ ಡೇನರನ್ನು ಸೋಲಿಸಿದರು. ಆ ವರ್ಷದ ಈಸ್ಟರ್ ಕಳೆಯುತ್ತಿದ್ದಂತೆ ಎಥೆಲ್‌ರೆಡ್ ಸತ್ತ. ಅವನ ಮಕ್ಕಳಾದ ಎಥೆಲ್‌ಹೆಲ್ಮ್, ಎಥೆಲ್‌ವೋಲ್ಡ್ ಇಬ್ಬರೂ ಎಳೆಯರು. ವೈರಿ ಬಾಗಿಲಲ್ಲಿ ನಿಂತಿರುವಾಗ ಮಗುವಿಗೆ ಯಾರು ಪಟ್ಟ ಕಟ್ಟುತ್ತಾರೆ? ಆಲ್ಫ್ರೆಡ್ ದೊರೆಯಾದ. ಅದರಲ್ಲಿ ತಪ್ಪು ಹುಡುಕುವಂತಿಲ್ಲ.

ತಕರಾರು ಎದ್ದದ್ದು ಆಸ್ತಿಯ ವಿಷಯಕ್ಕೆ. 888ಕ್ಕೆ ಮೊದಲೇ ಆಲ್ಫ್ರೆಡ್ ಬರೆಸಿದ ಉಯಿಲು ವಿಂಚೆಸ್ಟರ್‌ನ ಮಠವೊಂದರ ಪುಸ್ತಕದಲ್ಲಿ ನಕಲಾಗಿ ಉಳಿದಿದೆ. ಯಾರಿಗೆ ಏನು ಕೊಡುತ್ತೇನೆ ಎನ್ನುವ ಮೊದಲು ದೊರೆ ಅದರಲ್ಲಿ ಉದ್ದನೆಯ ಸಮಜಾಯಿಷಿ ಕೊಡುತ್ತಾನೆ. ತಂದೆ ಒಂದಷ್ಟು ಆಸ್ತಿಯನ್ನು ನಾಲ್ವರಲ್ಲಿ ಮೂವರು ಮಕ್ಕಳಿಗೆ ಜಂಟಿಯಾಗಿ ಬಿಟ್ಟಿದ್ದನಂತೆ, ಕೊನೆಗೆ ಉಳಿದವನಿಗೆ ಎಲ್ಲವೂ ಎಂಬ ಷರತ್ತಿನ ಮೇಲೆ. ಡೇನರ ಕಾಟ ಜೋರಾದಾಗ ಎಥೆಲ್‌ರೆಡ್‌ನೂ ತಾನೂ ಸ್ವಿನ್‌ಬಿಯೋರ್ಗ್ ಎಂಬಲ್ಲಿ ಗಣ್ಯರ ಎದುರು ಮಾತು ಮಾಡಿಕೊಂಡೆವು ಎನ್ನುತ್ತಾನೆ. ಉಳಿದವನು ಜಂಟಿ ಆಸ್ತಿಯನ್ನು ಇಟ್ಟುಕೊಳ್ಳುವುದು, ಸತ್ತವನ ಮಕ್ಕಳಿಗೆ ಅವರಪ್ಪನ ಪ್ರತ್ಯೇಕ ಜಮೀನು ಬಿಟ್ಟುಕೊಡುವುದು. ಅಣ್ಣ ಸತ್ತ ಮೇಲೆ ಬಂಧುಗಳಲ್ಲಿ ಗುಸುಗುಸು ಎದ್ದಿತು. ದೊರೆ ಲಾಂಗನ್‌ಡೆನ್ ಎಂಬಲ್ಲಿ ಸಭೆ ಕರೆದು, ತಂದೆಯ ಉಯಿಲನ್ನು ಎಲ್ಲರೆದುರು ಓದಿಸಿದ. ನನಗೆ ಹೆದರಬೇಡಿ, ದಾಕ್ಷಿಣ್ಯಕ್ಕೂ ಬೀಳಬೇಡಿ, ನ್ಯಾಯ ಹೇಳಿ ಎಂದು ಕೇಳಿಕೊಂಡ. ಆಸ್ತಿ ಸಂಪೂರ್ಣ ನಿಮ್ಮದೇ ಎಂದಿತು ಸಭೆ.

ಬೇರೇನು ಹೇಳೀತು? ಅಧಿಕಾರ, ಉಂಬಳಿಗಳಿಗೆ ದೊರೆಯ ಕೈ ನೋಡುವ ಜನ, ದೊರೆಯೇ ಕಕ್ಷಿದಾರನಾದ ವ್ಯಾಜ್ಯ. ಆಲ್ಫ್ರೆಡ್ ಸುಳ್ಳು ಹೇಳಿದ ಎನ್ನುವುದು ನನ್ನ ವಾದವಲ್ಲ. ಆದರೆ ಕೈಯಲ್ಲಿದ್ದ ಹಕ್ಕು ಪ್ರಶ್ನೆಗೆಡೆಯಿಲ್ಲದ್ದಾಗಿದ್ದರೆ ಇಷ್ಟು ಸಮಜಾಯಿಷಿ ಬೇಕಿರಲಿಲ್ಲ.

ಇನ್ನು ಪಾಲಿನ ಲೆಕ್ಕ. ಆಲ್ಫ್ರೆಡ್‌ನ ಮಗ ಎಡ್ವರ್ಡ್‌ಗೆ ಜಮೀನಿನ ಉದ್ದ ಪಟ್ಟಿ, ಅದರ ಮೇಲೆ ಕೆಂಟ್ ಸೀಮೆಯಲ್ಲಿ ದೊರೆಗೆ ಪತ್ರಸಮೇತ ಇದ್ದ ಭೂಮಿಯೆಲ್ಲ. ಅಣ್ಣನ ಹಿರಿಮಗ ಎಥೆಲ್‌ಹೆಲ್ಮ್‌ಗೆ ಎಂಟು ಊರು. ಎಥೆಲ್‌ವೋಲ್ಡ್‌ಗೆ ಮೂರೇ: ಸರ್ರೆಯ ಗೊಡಾಲ್ಮಿಂಗ್ ಮತ್ತು ಗಿಲ್ಡ್‌ಫರ್ಡ್, ಸಸೆಕ್ಸ್‌ನ ಸ್ಟೆನಿಂಗ್. (ಐದು ಊರು ಸಾಕೆಂದರೂ ಸೂಜಿಮೊನೆಯಷ್ಟು ನೆಲ ಸಿಗದ ಪಾಂಡವರ ಮುಂದೆ ಇದು ಧಾರಾಳವೇ ಅನ್ನಿ.) ನಗದಿನಲ್ಲೂ ಹಾಗೆಯೇ. ದೊರೆಯ ಗಂಡುಮಕ್ಕಳಿಗೆ ತಲಾ 500 ಪೌಂಡ್. ಅಣ್ಣನ ಮಕ್ಕಳಿಗೆ ತಲಾ 100 ಮ್ಯಾಂಕಸ್. ಒಂದು ಮ್ಯಾಂಕಸ್ ಎಂದರೆ 30 ಬೆಳ್ಳಿ ಪೆನ್ನಿ, 240 ಪೆನ್ನಿಗೆ ಒಂದು ಪೌಂಡ್. ಅಂದರೆ ಹಿಂದಿನ ದೊರೆಯ ಮಗನಿಗೆ ಸಿಕ್ಕಿದ್ದು ಹನ್ನೆರಡೂವರೆ ಪೌಂಡ್. ಸೀಮೆಯ ಅಧಿಪತಿಗಳಿಗೂ ದೊರೆ ಕೊಟ್ಟದ್ದು ಅಷ್ಟೇ ಮೊತ್ತ.

ಸ್ಥಾನಮಾನದಲ್ಲಿ ಮಾತ್ರ ಎಥೆಲ್‌ವೋಲ್ಡ್ ಕಡಿಮೆಯವನಾಗಿರಲಿಲ್ಲ. ಅವನ ತಾಯಿ ಎನ್ನಲಾದ ವುಲ್ಫ್‌ತ್ರಿತ್ 868ರ ದಾನಪತ್ರದಲ್ಲಿ ರಾಣಿ ಎಂದು ಹೆಸರು ಬರೆಸಿಕೊಂಡವಳು. ಆಲ್ಫ್ರೆಡ್‌ನ ಹೆಂಡತಿಗೆ ಆ ಪದವಿ ಸಿಗಲಿಲ್ಲ.

899ಕ್ಕೆ ಹಿಂತಿರುಗೋಣ. ಅಪ್ಪನ ಪಟ್ಟಕ್ಕೆ ಬಂದಿದ್ದ ಎಡ್ವರ್ಡ್ ಸೈನ್ಯದೊಂದಿಗೆ ಬಂದು ವಿಂಬೋರ್ನ್ ಸಮೀಪದ ಬ್ಯಾಡ್‌ಬರಿ ಕೋಟೆದಿಬ್ಬದಲ್ಲಿ ಬೀಡುಬಿಟ್ಟ. ಎಥೆಲ್‌ವೋಲ್ಡ್ ಊರಬಾಗಿಲುಗಳನ್ನೆಲ್ಲ ಮುಚ್ಚಿಸಿ, ಬದುಕಿದರೂ ಸತ್ತರೂ ಇಲ್ಲೇ ಎಂದು ಸಾರಿದನಂತೆ. ರಾತ್ರಿಯಾಗುತ್ತಲೇ ಕುದುರೆ ಹತ್ತಿ ಪರಾರಿಯಾದ! ಮಠದಿಂದ ಕರೆತಂದಿದ್ದ ಸನ್ಯಾಸಿನಿಯೊಬ್ಬಳು ಎಡ್ವರ್ಡ್‌ನ ಕಡೆಯವರ ಕೈಗೆ ಸಿಕ್ಕಿದಳು. ದೊರೆಯ ಅಪ್ಪಣೆಯಿಲ್ಲದೆ, ಬಿಷಪ್ಪರ ಆಜ್ಞೆ ಮೀರಿ ಅವಳನ್ನು ತಂದಿದ್ದ ಎಂದು ವೃತ್ತಾಂತಕಾರರು ಬರೆಯುತ್ತಾರೆ. ಅವಳ ಹೆಸರನ್ನು ಬರೆಯುವುದಿಲ್ಲ.

ಅಲ್ಲಿಂದ ಅವನು ಸೇರಿದ್ದು ಉತ್ತರದ ನಾರ್ತಂಬ್ರಿಯಾದ ಡೇನರನ್ನು. ಅಪ್ಪ ಯಾರ ವಿರುದ್ಧ ಹೋರಾಡುತ್ತ ಕೊನೆಯ ದಿನಗಳನ್ನು ಕಳೆದಿದ್ದನೋ ಅವರೇ ಮಗನನ್ನು ದೊರೆಯೆಂದು ಒಪ್ಪಿದರು. ಆ ಕಾಲದ ವರ್ಷವಾರು ದಾಖಲೆಯಾದ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ ಹಲವು ಪ್ರತಿಗಳು ಈ ಮಾತನ್ನು ಹೇಳುತ್ತವೆ. ವಿಂಚೆಸ್ಟರ್‌ನ ಪ್ರತಿ ಅದನ್ನು ಬಿಟ್ಟುಬಿಟ್ಟಿದೆ. ಗೆದ್ದವನ ರಾಜಧಾನಿಯ ಕಡೆಯ ಪ್ರತಿ ಅದು, ಬಿಟ್ಟಿರುವುದು ಸಹಜವೇ. ಆದರೆ 2011ರಲ್ಲಿ ಲಂಕಾಶೈರ್‌ನ ಸಿಲ್ವರ್‌ಡೇಲ್‌ನಲ್ಲಿ ಸಿಕ್ಕ ವೈಕಿಂಗ್ ನಿಧಿಯಲ್ಲಿ ‘ಅಲ್ವಾಲ್ಡಸ್’ ಎಂಬ ಹೆಸರಿನ ನಾಣ್ಯವೊಂದಿತ್ತು. ಅದು ಇವನದೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಮುಂದಿನದು ಬೇಗ ಮುಗಿಯಿತು. 901ರಲ್ಲಿ ಹಡಗುಗಳೊಂದಿಗೆ ಎಸೆಕ್ಸ್‌ಗೆ ಬಂದ. ಈಸ್ಟ್ ಆಂಗ್ಲಿಯಾದ ಡೇನರನ್ನು ಹುರಿದುಂಬಿಸಿ ಮರ್ಸಿಯಾ ಸೀಮೆಯನ್ನು ಸೂರೆಹೊಡೆದ, ಥೇಮ್ಸ್ ದಾಟಿ ವೆಸೆಕ್ಸ್‌ಗೂ ನುಗ್ಗಿದ. ಉತ್ತರವಾಗಿ ಎಡ್ವರ್ಡ್ ಈಸ್ಟ್ ಆಂಗ್ಲಿಯಾವನ್ನು ಸುಲಿದು, ದಂಡನ್ನು ಹಿಂದಕ್ಕೆ ಕರೆದ. ಏಳು ದೂತರನ್ನು ಕಳಿಸಿದರೂ ದಂಡಿನಲ್ಲಿದ್ದ ಕೆಂಟ್‌ನವರು ಕದಲಲಿಲ್ಲ. ಹೋಲ್ಮ್ ಎಂಬಲ್ಲಿ ಡೇನರು ಅವರನ್ನು ಸುತ್ತುವರಿದರು. 902ರ ಡಿಸೆಂಬರ್ 13 ಆ ಕಾಳಗದ ದಿನ ಎಂದು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ. ಕಣ ಡೇನರ ವಶದಲ್ಲೇ ಉಳಿಯಿತು, ಆದರೆ ಹೆಚ್ಚು ಸತ್ತವರೂ ಅವರ ಕಡೆಯವರೇ. ಅವರ ದೊರೆ ಎಯೋರಿಕ್ ಬಿದ್ದ, ಎಥೆಲ್‌ವೋಲ್ಡ್‌ನೂ ಬಿದ್ದ. ಕೆಂಟ್‌ನ ಕಡೆ ಸತ್ತವರಲ್ಲಿ ಅಧಿಪತಿ ಸಿಗೆಹೆಲ್ಮ್ ಒಬ್ಬ. ಅವನ ಮಗಳು ಈಡ್ಗಿಫುವನ್ನು ಎಡ್ವರ್ಡ್ ಮುಂದೆ ಮದುವೆಯಾದ, ಅವಳ ಇಬ್ಬರು ಮಕ್ಕಳು ಇಂಗ್ಲೆಂಡ್ ಆಳಿದರು.

ಪಟ್ಟದ ಮೇಲೆ ಎಡ್ವರ್ಡ್‌ಗೆ ಇದ್ದಷ್ಟೇ ಹಕ್ಕು ಎಥೆಲ್‌ವೋಲ್ಡ್‌ಗೂ ಇತ್ತು ಎಂದೇ ನನ್ನ ತೀರ್ಮಾನ. ಅವನಿಗಿಲ್ಲದ್ದು ವೆಸೆಕ್ಸ್‌ನೊಳಗಿನ ಬೆಂಬಲ. ಡೇನರ ಜೊತೆ ನಿಂತ ಮೇಲೆ ಅದು ಹುಟ್ಟುವ ದಾರಿಯೂ ಮುಚ್ಚಿತು. ಎಥೆಲ್‌ರೆಡ್‌ನ ಪೀಳಿಗೆಯಿಂದ ಯಾರೂ ಮತ್ತೆ ದೊರೆಯಾಗಲಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಎಥೆಲ್‌ವೆಯರ್ಡ್ ಎಂಬ ಅಧಿಪತಿ ತನ್ನ ನಾಡಿನ ಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದು, ಜರ್ಮನಿಯಲ್ಲಿ ಮಠಾಧಿಕಾರಿಣಿಯಾಗಿದ್ದ ಬಂಧು ಮಟಿಲ್ಡಾಗೆ ಅರ್ಪಿಸಿದ. ಅವಳು ಆಲ್ಫ್ರೆಡ್‌ನ ವಂಶದವಳು, ತಾನು ಎಥೆಲ್‌ರೆಡ್‌ನ ವಂಶದವನು ಎಂದು ಅದರಲ್ಲಿ ಬರೆದುಕೊಂಡಿದ್ದಾನೆ.